ತಪ್ಪು ಯಾರದ್ದೋ, ಕೆಲಸ ಹೋಗಿದ್ದು ಇವರದ್ದು: ಸ್ಟಾಕ್ ಕಾರ್ ಡ್ರೈವರ್ ಮಾರ್ಟಿನ್ ಟ್ರೂಎಕ್ಸ್ ಏಳುಬೀಳಿನ ಕತೆ

 

ಇವತ್ತು ಒಂದು ರಾತ್ರಿಯಿಂದ ಶುರು ಮಾಡ್ತೀನಿ. 2013ರ ಸೆಪ್ಟೆಂಬರ್ 7, ಶನಿವಾರ. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ ಒಂದು ಕಾರ್ ರೇಸ್. ಮಾರ್ಟಿನ್ ಟ್ರೂಎಕ್ಸ್ ಜೂನಿಯರ್ ಅನ್ನೋ 33 ವರ್ಷದ ಡ್ರೈವರ್, ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ಕಾರು ಓಡಿಸ್ತಿದ್ದಾರೆ. ರೇಸ್ ಮುಗಿಯುವ ಹೊತ್ತಿಗೆ ಅವರಿಗೆ ವರ್ಷದ ಕೊನೆಯ ಘಟ್ಟಕ್ಕೆ, ಅಂದ್ರೆ ಚಾಂಪಿಯನ್‌ಶಿಪ್ ಸುತ್ತಿಗೆ ಜಾಗ ಸಿಕ್ಕಿದೆ. ತಂಡದಲ್ಲಿ ಸಂಭ್ರಮ.

ಸೋಮವಾರ ಆ ಜಾಗ ಕಿತ್ತುಕೊಳ್ತಾರೆ. ಅದಾದ ಹತ್ತು ದಿನಕ್ಕೆ ಸ್ಪಾನ್ಸರ್ ಹೊರಡ್ತೀನಿ ಅಂತಾನೆ. ಸ್ಪಾನ್ಸರ್ ಹೋದ ಮೇಲೆ ಆ ತಂಡದಲ್ಲಿ ಟ್ರೂಎಕ್ಸ್‌ಗೆ ಕಾರೇ ಉಳಿಯೋದಿಲ್ಲ. ಇಷ್ಟಕ್ಕೂ ಆ ರಾತ್ರಿ ಟ್ರೂಎಕ್ಸ್ ಮಾಡಿದ ತಪ್ಪೇನು? ಏನೂ ಇಲ್ಲ. ತಮ್ಮ ಪಾಡಿಗೆ ಕಾರು ಓಡಿಸಿದ್ದರು.

ಇದೇ ಮನುಷ್ಯ ನಾಲ್ಕು ವರ್ಷದ ಮೇಲೆ ಅದೇ ಸರಣಿಯ ಚಾಂಪಿಯನ್ ಆದರು. ಮರುವರ್ಷ ಆ ಚಾಂಪಿಯನ್ ತಂಡವೇ ಬಾಗಿಲು ಹಾಕಿತು. ಒಬ್ಬ ವೃತ್ತಿಪರ ಡ್ರೈವರ್‌ನ ಬದುಕಲ್ಲಿ ಯಾವುದು ಅವನ ಕೈಲಿರುತ್ತೆ, ಯಾವುದು ಇರೋದಿಲ್ಲ? ಇವತ್ತಿನ ಸಂಚಿಕೆ ಇದರ ಬಗ್ಗೆ. ಯಾಕೆ ಈ ಕತೆ ನನಗೆ ಮುಖ್ಯ ಅನ್ನೋದನ್ನು ನಡುವೆ ಹೇಳ್ತೀನಿ.

ಮೊದಲು, ಸ್ಟಾಕ್ ಕಾರ್ ಅಂದ್ರೆ ಏನು?

ಫಾರ್ಮುಲಾ ಒನ್ ನಿಮಗೆ ಗೊತ್ತಿರುತ್ತೆ. ತೆರೆದ ಚಕ್ರ, ಬಾಣದ ಹಾಗೆ ಚೂಪು ಮೂತಿ. ಸ್ಟಾಕ್ ಕಾರ್ ನೋಡೋಕೆ ಹಾಗಲ್ಲ, ರಸ್ತೆಯಲ್ಲಿ ಓಡೋ ಕಾರಿನ ಅಣ್ಣನ ಥರ ಇರುತ್ತೆ. ಶೋರೂಮಿನ ಸ್ಟಾಕಿನಲ್ಲಿ ಇರೋ ಕಾರನ್ನೇ ತಂದು ಓಡಿಸ್ತಿದ್ದರು, ಅದಕ್ಕೇ ಆ ಹೆಸರು. ಬಿಲ್ ಫ್ರಾನ್ಸ್ ಅನ್ನೋರು 1947ರ ಡಿಸೆಂಬರ್‌ನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನ ಒಂದು ಹೋಟೆಲಿನಲ್ಲಿ ಸಭೆ ಕರೆದರು. ಅಲ್ಲಿಂದ ಹುಟ್ಟಿದ ಸಂಸ್ಥೆ ನ್ಯಾಸ್ಕಾರ್. 1949ರಲ್ಲಿ ಶಾರ್ಲಟ್‌ನಲ್ಲಿ, ಶೋರೂಮ್ ಕಾರುಗಳಿಗೆ ಅಂತಲೇ ನ್ಯಾಸ್ಕಾರ್ ಶುರು ಮಾಡಿದ ಸರಣಿಯ ಮೊದಲ ರೇಸ್ ನಡೆಯಿತು.

ಈಗಿನ ಕಾರು ಶೋರೂಮ್‌ನದ್ದಲ್ಲ. ಹೊರಗಿನ ರೂಪ ಮಾತ್ರ ಷೆವರ್ಲೆ, ಫೋರ್ಡ್, ಟೊಯೋಟಾ ಥರ. ಒಳಗೆ ಉಕ್ಕಿನ ಕೊಳವೆಗಳ ಪಂಜರ, ಒಂದೇ ಸೀಟು. ಹೆಚ್ಚಿನ ಟ್ರ್ಯಾಕ್‌ಗಳು ಮೊಟ್ಟೆಯಾಕಾರದ್ದು, ಎಡಕ್ಕೇ ತಿರುಗ್ತಾ ಇರಬೇಕು. "ಎಡಕ್ಕೆ ತಿರುಗೋದ್ರಲ್ಲಿ ಏನಿದೆ ಮಹಾ?" ಅಂತ ಕೇಳಬಹುದು. ನಾನೂ ಕೇಳಿದ್ದೆ. ಗಂಟೆಗೆ 300 ಕಿಲೋಮೀಟರ್ ಹತ್ತಿರದ ವೇಗ, ಅಂಗೈ ಅಗಲದ ದೂರದಲ್ಲಿ ಪಕ್ಕದ ಕಾರು, ಒಳಗೆ 50 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿ. ಹೀಗೇ ಮೂರು-ನಾಲ್ಕು ಗಂಟೆ. ಹೋಗ್ತಾ ಹೋಗ್ತಾ ಟೈರು ಸವೆಯುತ್ತೆ, ಇಂಧನ ಕಡಿಮೆಯಾಗಿ ತೂಕ ಇಳಿಯುತ್ತೆ, ಕಾರಿನ ನಡವಳಿಕೆ ಬದಲಾಗ್ತಾ ಹೋಗುತ್ತೆ. ಅದನ್ನೆಲ್ಲ ಡ್ರೈವರ್ ಬೆನ್ನಲ್ಲೇ ಗುರುತಿಸಿ ರೇಡಿಯೋದಲ್ಲಿ ತಂಡಕ್ಕೆ ಹೇಳಬೇಕು. ಹೀಗೆ ಫೆಬ್ರವರಿಯಿಂದ ನವೆಂಬರ್ ತನಕ ವರ್ಷಕ್ಕೆ 36 ರೇಸ್.

ಮೊದಲ 26 ರೇಸ್ ಲೀಗ್ ಹಂತ ಅಂದ್ಕೊಳ್ಳಿ. ಉಳಿದ 10 ನಾಕೌಟ್ ಹಂತ. 2004ರಲ್ಲಿ ಈ ಪದ್ಧತಿ ಬಂತು, ಆಮೇಲೆ ನಿಯಮ ಆಗಾಗ ಬದಲಾಯಿತು. ಕೊನೆಯ ಹತ್ತಕ್ಕೆ ಜಾಗ ಸಿಗದಿದ್ದರೆ ಆ ವರ್ಷ ಚಾಂಪಿಯನ್ ಆಗೋ ಆಸೆ ಅಲ್ಲಿಗೆ ಮುಗೀತು.

ಬಾನೆಟ್ ಮೇಲಿನ ಹೆಸರು

ಐಪಿಎಲ್ ಜೆರ್ಸಿ ಮೇಲೆ ಕಂಪನಿಗಳ ಹೆಸರು ಇರುತ್ತಲ್ಲ, ಸ್ಟಾಕ್ ಕಾರ್‌ನಲ್ಲಿ ಅದೇ ಹೆಸರು ಇಡೀ ಬಾನೆಟ್ ತುಂಬಾ ಇರುತ್ತೆ. ಒಂದು ವ್ಯತ್ಯಾಸ ಇದೆ. ಕ್ರಿಕೆಟ್ ತಂಡಕ್ಕೆ ಟಿವಿ ಹಕ್ಕಿನ ದುಡ್ಡಲ್ಲಿ ದೊಡ್ಡ ಪಾಲು ಬರುತ್ತೆ. ಇಲ್ಲಿ ತಂಡ ನಡೆಯೋದು ಬಹುಪಾಲು ಸ್ಪಾನ್ಸರ್ ದುಡ್ಡಲ್ಲಿ. ಎಂಜಿನ್, ಟೈರು, ಎಂಜಿನಿಯರ್‌ಗಳ ಸಂಬಳ, ವಾರವಾರ ಕಾರು ಸಾಗಿಸೋ ಲಾರಿಯ ಡೀಸೆಲ್, ಎಲ್ಲವೂ ಅದರಲ್ಲೇ.

ಹಾಗಾಗಿ ಇಲ್ಲಿ ಡ್ರೈವರ್ ಅಂದ್ರೆ ಬರೀ ಆಟಗಾರ ಅಲ್ಲ. ಕಂಪನಿಯ ಟೋಪಿ ಹಾಕ್ಕೊಂಡು ಫೋಟೋಗೆ ನಿಲ್ಲಬೇಕು, ಟಿವಿಯವರು ಮೈಕ್ ಹಿಡಿದರೆ ಮೊದಲು ಆ ಕಂಪನಿಗೆ ಥ್ಯಾಂಕ್ಸ್ ಹೇಳಬೇಕು. ಸ್ಪಾನ್ಸರ್ ಎದ್ದು ಹೋದರೆ ಎಷ್ಟೇ ಚೆನ್ನಾಗಿ ಓಡಿಸಿದರೂ ಕಾರಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥ ಆಗುತ್ತೆ.

ಒಂದು ಗೆಲುವು, ಆಮೇಲೆ 218 ರೇಸ್

ಟ್ರೂಎಕ್ಸ್ ಹುಟ್ಟಿದ್ದು 1980ರಲ್ಲಿ, ನ್ಯೂಜೆರ್ಸಿ ರಾಜ್ಯದಲ್ಲಿ. ಮನೆಯವರದ್ದು ಚಿಪ್ಪುಮೀನಿನ ವ್ಯಾಪಾರ. ನಮ್ಮ ಕರಾವಳಿಯವರು ಮರುವಾಯಿ ಅಂತಾರಲ್ಲ, ಅಂಥದ್ದು. ಅಪ್ಪನ ಹೆಸರೂ ಮಾರ್ಟಿನ್ ಟ್ರೂಎಕ್ಸ್. ಅವರೂ ಅಮೆರಿಕದ ಈಶಾನ್ಯ ಭಾಗದ ಸಣ್ಣ ಸರಣಿಯಲ್ಲಿ ಕಾರು ಓಡಿಸ್ತಿದ್ದವರು. ಮಗನೂ ಅಲ್ಲೇ ಶುರು ಮಾಡಿದ.

ಅಲ್ಲಿ ಇವರನ್ನು ಗಮನಿಸಿ ಕರೆದುಕೊಂಡು ಬಂದವರು ಡೇಲ್ ಅರ್ನ್‌ಹಾರ್ಟ್ ಜೂನಿಯರ್. ಈ ಆಟದ ಅತಿ ದೊಡ್ಡ ಹೆಸರುಗಳಲ್ಲಿ ಒಂದು. ಅವರ ಕಾರಿನಲ್ಲಿ ಟ್ರೂಎಕ್ಸ್ 2004 ಮತ್ತು 2005ರಲ್ಲಿ, ಎರಡನೇ ದರ್ಜೆಯ ಬುಶ್ ಸರಣಿಯನ್ನು ಸತತ ಎರಡು ಸಲ ಗೆದ್ದರು. ಎರಡೂ ವರ್ಷ ಆರಾರು ರೇಸ್ ಗೆಲುವು. 2006ಕ್ಕೆ ದೊಡ್ಡ ಸರಣಿ, ಅಂದ್ರೆ ಕಪ್ ಸರಣಿಗೆ ಬಡ್ತಿ. 2007ರ ಜೂನ್‌ನಲ್ಲಿ ಡೋವರ್ ಟ್ರ್ಯಾಕ್‌ನಲ್ಲಿ ಮೊದಲ ಗೆಲುವು. ಮುಂದಿನ ಸ್ಟಾರ್ ಇವನೇ ಅಂತ ಎಲ್ಲರೂ ಅಂದ್ಕೊಂಡರು.

ಮುಂದಿನ ಗೆಲುವು ಯಾವಾಗ ಬಂತು ಗೊತ್ತಾ? 2013ರ ಜೂನ್‌ನಲ್ಲಿ. ನಡುವೆ 218 ರೇಸ್.

ಆರು ವರ್ಷ. ವಾರ ವಾರ ಹೆಲ್ಮೆಟ್ ಹಾಕ್ಕೊಂಡು ಕೂರೋದು, ಗೆಲ್ಲದೆ ಇಳಿಯೋದು. ಕಾರಣ ಅವರೊಬ್ಬರೇ ಅಂತ ಹೇಳೋಕಾಗಲ್ಲ. ಅವರನ್ನು ಬೆಳೆಸಿದ ಅರ್ನ್‌ಹಾರ್ಟ್ ಜೂನಿಯರ್ 2007ರ ಕೊನೆಗೆ ಆ ತಂಡ ಬಿಟ್ಟರು. 2009ಕ್ಕೆ ತಂಡ ಬೇರೊಂದು ತಂಡದ ಜೊತೆ ಸೇರಿಕೊಂಡಿತು. 2010ರಲ್ಲಿ ಟ್ರೂಎಕ್ಸ್, ಮೈಕಲ್ ವಾಲ್ಟ್ರಿಪ್ ರೇಸಿಂಗ್ ಅನ್ನೋ ತಂಡಕ್ಕೆ ಹೋದರು. ಅಲ್ಲಿ ಸ್ಪಾನ್ಸರ್ ಇದ್ದದ್ದು ನಾಪಾ ಅನ್ನೋ ವಾಹನ ಬಿಡಿಭಾಗಗಳ ಕಂಪನಿ. ಮೂರು ವರ್ಷ ನಿಧಾನಕ್ಕೆ ಕಟ್ಟಿದ ಮೇಲೆ 2013ರಲ್ಲಿ ಸೊನೋಮಾ ಟ್ರ್ಯಾಕ್‌ನಲ್ಲಿ ಗೆಲುವು ಬಂತು. ಅದಾಗಿ ಮೂರೇ ತಿಂಗಳಿಗೆ ರಿಚ್ಮಂಡ್.

ರಿಚ್ಮಂಡ್‌ನ ಆ ಏಳು ಲ್ಯಾಪ್

ಇದು ಸ್ವಲ್ಪ ಗೋಜಲು. ನಿಧಾನಕ್ಕೆ ಹೇಳ್ತೀನಿ.

ಆ ವರ್ಷ ನಾಕೌಟ್‌ಗೆ 12 ಜಾಗ. ಅಂಕಪಟ್ಟಿಯ ಮೊದಲ ಹತ್ತು ಜನಕ್ಕೆ ನೇರ ಪ್ರವೇಶ. ಉಳಿದ ಎರಡು ವೈಲ್ಡ್ ಕಾರ್ಡ್, ಹೆಚ್ಚು ರೇಸ್ ಗೆದ್ದವರಿಗೆ. ರಿಚ್ಮಂಡ್ ಲೀಗ್ ಹಂತದ ಕೊನೇ ರೇಸ್. ಏಳು ಲ್ಯಾಪ್ ಬಾಕಿ ಇದ್ದಾಗ ಮುಂದೆ ಇದ್ದವರು ರಯಾನ್ ನ್ಯೂಮನ್. ಅವರು ಗೆದ್ದಿದ್ದರೆ ವೈಲ್ಡ್ ಕಾರ್ಡ್ ಅವರಿಗೆ, ಟ್ರೂಎಕ್ಸ್ ಹೊರಗೆ.

ಅಷ್ಟರಲ್ಲಿ ಟ್ರೂಎಕ್ಸ್ ಅವರದ್ದೇ ತಂಡದ ಇನ್ನೊಬ್ಬ ಡ್ರೈವರ್ ಕ್ಲಿಂಟ್ ಬೋಯರ್ ಅವರ ಕಾರು ಗಿರಕಿ ಹೊಡೆಯಿತು. ಟ್ರ್ಯಾಕಿನಲ್ಲಿ ಕಾರು ಅಡ್ಡ ನಿಂತರೆ ಹಳದಿ ಬಾವುಟ ತೋರಿಸ್ತಾರೆ. ಆಗ ಎಲ್ಲರೂ ನಿಧಾನಕ್ಕೆ ಸಾಲಾಗಿ ಹೋಗಬೇಕು. ಅಲ್ಲಿವರೆಗೆ ಸಂಪಾದಿಸಿದ ಅಂತರವೆಲ್ಲ ಸೊನ್ನೆ. ಎಲ್ಲರೂ ಪಿಟ್‌ಗೆ ಹೋಗಿ ಟೈರು ಬದಲಾಯಿಸಿಕೊಂಡರು. ನ್ಯೂಮನ್ ಪಿಟ್‌ನಿಂದ ಹೊರಬರೋ ಹೊತ್ತಿಗೆ ಹಿಂದೆ ಬಿದ್ದಿದ್ದರು, ಮೂರನೆಯವರಾಗಿ ಮುಗಿಸಿದರು.

ಇನ್ನೂ ಇದೆ. ಅದೇ ತಂಡದ ಮೂರನೇ ಡ್ರೈವರ್ ಬ್ರಯಾನ್ ವಿಕರ್ಸ್‌ಗೆ ರೇಡಿಯೋದಲ್ಲಿ, ಪಿಟ್‌ಗೆ ಬಾ ಅಂತ ಆದೇಶ ಬಂತು. ಅವರಿಗೇ ಯಾಕೆ ಅಂತ ಗೊತ್ತಾಗಲಿಲ್ಲ. ಅವರು ಹಿಂದೆ ಸರಿದರೆ ಜೋಯಿ ಲೊಗಾನೊ ಅನ್ನೋ ಬೇರೆ ತಂಡದ ಡ್ರೈವರ್‌ಗೆ ಅಂಕ ಹೆಚ್ಚುತ್ತೆ. ಲೊಗಾನೊ ಮೊದಲ ಹತ್ತರೊಳಗೆ ಬಂದರೆ ಅವರಿಗೆ ವೈಲ್ಡ್ ಕಾರ್ಡ್ ಬೇಕಾಗಲ್ಲ, ಅದು ಟ್ರೂಎಕ್ಸ್‌ಗೆ ಉಳಿಯುತ್ತೆ. ಲೆಕ್ಕ ಅರ್ಥ ಆಯ್ತಲ್ಲ?

ನ್ಯಾಸ್ಕಾರ್ ರೇಡಿಯೋ ರೆಕಾರ್ಡಿಂಗ್ ಎಲ್ಲ ಕೇಳಿಸಿಕೊಂಡಿತು. ಬೋಯರ್ ಬೇಕಂತಲೇ ಸ್ಪಿನ್ ಮಾಡಿದರು ಅನ್ನೋದಕ್ಕೆ ಖಚಿತ ಸಾಕ್ಷಿ ಸಿಗಲಿಲ್ಲ ಅಂತ ಹೇಳಿತು. ಆದರೆ ವಿಕರ್ಸ್‌ಗೆ ಕೊಟ್ಟ ಆದೇಶ ರೇಸಿನ ಫಲಿತಾಂಶವನ್ನೇ ತಿರುಚೋ ಯತ್ನ ಅಂತ ತೀರ್ಮಾನಿಸಿತು. ತಂಡಕ್ಕೆ 3 ಲಕ್ಷ ಡಾಲರ್ ದಂಡ, ಜನರಲ್ ಮ್ಯಾನೇಜರ್ ಅಮಾನತು, ಮೂರೂ ಡ್ರೈವರ್‌ಗಳಿಗೆ 50 ಅಂಕ ಕಡಿತ. ಆ 50 ಅಂಕ ಹೋಗಿದ್ದಕ್ಕೆ ಟ್ರೂಎಕ್ಸ್ ಹೊರಗೆ, ನ್ಯೂಮನ್ ಒಳಗೆ. ಗಿರಕಿ ಹೊಡೆದ ಬೋಯರ್ ಆಗಲೇ ಮೊದಲ ಹತ್ತರಲ್ಲಿ ಗಟ್ಟಿಯಾಗಿದ್ದರು. ಅವರ ಜಾಗ ಹಾಗೇ ಉಳಿಯಿತು. ಹೊರಗೆ ಬಿದ್ದದ್ದು ಟ್ರೂಎಕ್ಸ್ ಒಬ್ಬರೇ.

ಹೆಸರು ಕೆಟ್ಟ ತಂಡದ ಮೇಲೆ ತನ್ನ ಬೋರ್ಡ್ ಬೇಡ ಅಂತ ನಾಪಾ ತೀರ್ಮಾನಿಸಿತು. ಆ ವರ್ಷದ ಕೊನೆಗೆ ಹೊರಟುಹೋಯಿತು. ನಾಪಾ ಇದ್ದದ್ದು ಯಾರ ಕಾರಿನ ಮೇಲೆ? ಟ್ರೂಎಕ್ಸ್ ಕಾರಿನ ಮೇಲೆ. ಬೇರೆ ಕೆಲಸ ಹುಡುಕಿಕೋ ಅಂತ ತಂಡದವರು ಹೇಳಬೇಕಾಯಿತು.

ಇಲ್ಲಿ ಒಂದು ನಿಮಿಷ ನನ್ನ ಕತೆ. ಈ ಪಾಡ್‌ಕಾಸ್ಟ್‌ಗೆ ಬರೋ ಮುಂಚೆ ನಾನೊಂದು ಕಂಪನಿಯಲ್ಲಿ ಬರೆಯೋ ಕೆಲಸದಲ್ಲಿದ್ದೆ. ನಮ್ಮದು ಆರು ಜನರ ಟೀಮ್, ಒಂದೇ ಕ್ಲೈಂಟ್. ಬೇರೆ ವಿಭಾಗದವರು ಬಿಲ್ಲಿನಲ್ಲಿ ಏನೋ ಎಡವಟ್ಟು ಮಾಡಿದರು, ಕ್ಲೈಂಟ್ ಸಿಟ್ಟಾಗಿ ಹೊರಟುಹೋದ. ಒಂದು ಶುಕ್ರವಾರ ಸಂಜೆ ಆರೂ ಜನರನ್ನು ಕರೆದು, ಲ್ಯಾಪ್‌ಟಾಪ್ ಇಟ್ಟು ಹೋಗಿ ಅಂದರು. ಎಡವಟ್ಟು ಮಾಡಿದವರು ಸೋಮವಾರ ಎಂದಿನಂತೆ ಕೆಲಸಕ್ಕೆ ಬಂದರು. ಅಮ್ಮನಿಗೆ ಹೇಳೋಕೆ ನನಗೆ ಮೂರು ವಾರ ಹಿಡೀತು. ಅಷ್ಟೂ ದಿನ ಬೆಳಿಗ್ಗೆ ಡಬ್ಬಿ ತಗೊಂಡು ಮನೆಯಿಂದ ಹೊರಡ್ತಿದ್ದೆ, ಲೈಬ್ರರಿಯಲ್ಲಿ ಕೂತಿದ್ದು ಸಂಜೆ ವಾಪಸ್ ಬರ್ತಿದ್ದೆ. ಕೆಲಸ ಹೋದದ್ದಕ್ಕಿಂತ, ನಾನು ಇನ್ನೂ ಚೆನ್ನಾಗಿ ಬರೆದಿದ್ದರೆ ಹೀಗಾಗ್ತಿರಲಿಲ್ಲವೇನೋ ಅನ್ನೋ ಯೋಚನೆ ಹೆಚ್ಚು ಕಾಡ್ತಿತ್ತು. ಆ ಲೈಬ್ರರಿ ದಿನಗಳಲ್ಲೇ ಟ್ರೂಎಕ್ಸ್ ಕತೆ ಓದಿದ್ದು.

2,500 ಕಿಲೋಮೀಟರ್ ದೂರದ ತಂಡ

ನ್ಯಾಸ್ಕಾರ್ ತಂಡಗಳೆಲ್ಲ ಹೆಚ್ಚುಕಮ್ಮಿ ನಾರ್ತ್ ಕ್ಯಾರೊಲೈನಾದ ಶಾರ್ಲಟ್ ಸುತ್ತಮುತ್ತ ಇವೆ. ಎಂಜಿನಿಯರ್‌ಗಳು, ಬಿಡಿಭಾಗ ಮಾಡೋರು, ಮೆಕ್ಯಾನಿಕ್‌ಗಳು ಎಲ್ಲ ಅಲ್ಲೇ. ಅಲ್ಲಿಂದ ರಸ್ತೆಯಲ್ಲಿ ಸುಮಾರು 2,500 ಕಿಲೋಮೀಟರ್ ದೂರ, ಕೊಲರಾಡೋ ರಾಜ್ಯದ ಡೆನ್ವರ್‌ನಲ್ಲಿ ಒಂದೇ ಒಂದು ತಂಡ ಇತ್ತು. ಹೆಸರು ಫರ್ನಿಚರ್ ರೋ ರೇಸಿಂಗ್. ಹೌದು, ಫರ್ನಿಚರ್ ಅಂಗಡಿಯೇ. ಮಂಚ, ಹಾಸಿಗೆ, ಸೋಫಾ ಮಾರೋ ಅಂಗಡಿಗಳ ಮಾಲೀಕ ಬಾರ್ನಿ ವಿಸರ್ ತಮ್ಮ ಸ್ವಂತ ದುಡ್ಡಲ್ಲಿ ನಡೆಸ್ತಿದ್ದ, 78ನೇ ನಂಬರಿನ ಒಂಟಿ ಕಾರಿನ ತಂಡ. ಅಲ್ಲಿದ್ದ ಡ್ರೈವರ್ ಕರ್ಟ್ ಬುಶ್ ಬೇರೆ ತಂಡಕ್ಕೆ ಹೊರಟಿದ್ದರು. ಜಾಗ ಖಾಲಿ ಇತ್ತು. 2014ಕ್ಕೆ ಟ್ರೂಎಕ್ಸ್ ಅಲ್ಲಿಗೆ ಹೋದರು.

ಆ ವರ್ಷ ಹೇಗಿತ್ತು? ಇಡೀ ವರ್ಷದ 36 ರೇಸ್‌ನಲ್ಲಿ ಅವರು ಮುಂದಿದ್ದದ್ದು ಒಂದೇ ಒಂದು ಲ್ಯಾಪ್. ಪಟ್ಟಿಯಲ್ಲಿ 24ನೇ ಸ್ಥಾನ.

ಅದೇ ಆಗಸ್ಟ್‌ನಲ್ಲಿ ಅವರ ಸಂಗಾತಿ ಶೆರ್ರಿ ಪೊಲೆಕ್ಸ್‌ಗೆ ಅಂಡಾಶಯದ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಮೂರನೇ ಹಂತ. ಇಬ್ಬರೂ ಸೇರಿ ಅಲ್ಲಿವರೆಗೆ ಕ್ಯಾನ್ಸರ್ ಬಂದ ಮಕ್ಕಳಿಗೋಸ್ಕರ ದುಡ್ಡು ಸಂಗ್ರಹಿಸೋ ಕೆಲಸ ಮಾಡ್ತಿದ್ದರು. ಈಗ ಅದೇ ರೋಗ ಮನೆಗೆ ಬಂತು.

ರೇಸ್ ಬಿಟ್ಟು ಜೊತೆಗಿರಬೇಕಾ ಅನ್ನೋ ಪ್ರಶ್ನೆ ಬಂದಾಗ ಮಾಲೀಕ ವಿಸರ್, ಎಷ್ಟು ಸಮಯ ಬೇಕೋ ತಗೋ, ಕಾರು ನಿನ್ನದೇ ಅನ್ನೋ ಭರವಸೆ ಕೊಟ್ಟರು. 24ನೇ ಸ್ಥಾನದಲ್ಲಿರೋ ಡ್ರೈವರ್‌ಗೆ ಕೊಟ್ಟ ಭರವಸೆ ಇದು. ಟ್ರೂಎಕ್ಸ್ ರೇಸ್ ಬಿಡಲಿಲ್ಲ. ಶೆರ್ರಿಯೂ ಬಿಡೋಕೆ ಕೊಡಲಿಲ್ಲ. ಚಿಕಿತ್ಸೆ ಒಂದು ಕಡೆ, ರೇಸ್ ಒಂದು ಕಡೆ.

0.010 ಸೆಕೆಂಡ್, ಮತ್ತು 392 ಲ್ಯಾಪ್

2015ರಲ್ಲಿ ತಂಡ ಒಂದು ಬದಲಾವಣೆ ಮಾಡಿತು. ತಂಡದೊಳಗೇ ಎಂಜಿನಿಯರ್ ಆಗಿದ್ದ, ಕೆನಡಾದ ಕೋಲ್ ಪರ್ನ್ ಅವರನ್ನು ಕ್ರೂ ಚೀಫ್ ಮಾಡಿದರು. ಕ್ರೂ ಚೀಫ್ ಅಂದ್ರೆ ಕ್ರಿಕೆಟ್‌ನ ಕೋಚ್, ಮೆಕ್ಯಾನಿಕ್, ತಂತ್ರಗಾರ, ಮೂರೂ ಒಬ್ಬರೇ. ಯಾವಾಗ ಪಿಟ್‌ಗೆ ಬರಬೇಕು, ಎರಡು ಟೈರಾ ನಾಲ್ಕಾ, ಸ್ಪ್ರಿಂಗ್ ಎಷ್ಟು ಬಿಗಿ, ಎಲ್ಲ ಅವರದ್ದೇ ತೀರ್ಮಾನ. ಪರ್ನ್ ಸ್ವತಃ ರೇಸ್ ಓಡಿಸಿದವರು. ಟ್ರೂಎಕ್ಸ್ ರೇಡಿಯೋದಲ್ಲಿ ಅರ್ಧ ಮಾತು ಹೇಳಿದರೆ ಇವರಿಗೆ ಪೂರ್ತಿ ಅರ್ಥ ಆಗ್ತಿತ್ತು.

ಮೊದಲ 14 ರೇಸ್‌ಗಳಲ್ಲಿ 13ರಲ್ಲಿ ಮೊದಲ ಹತ್ತರೊಳಗೆ. 14ನೆಯದು ಪೊಕೊನೊ, ಅಲ್ಲಿ ಗೆಲುವು. ವರ್ಷದ ಕೊನೆಗೆ ಅಂತಿಮ ನಾಲ್ವರಲ್ಲಿ ಒಬ್ಬರು. ಅದೇ ಡ್ರೈವರ್, ಅದೇ ಕಾರ್ಖಾನೆ, ಅದೇ ಮಾಲೀಕ. ಹಿಂದಿನ ವರ್ಷ ಮುಂದಿದ್ದದ್ದು ಒಂದು ಲ್ಯಾಪ್!

2016ರಲ್ಲಿ ತಂಡ ಷೆವರ್ಲೆ ಬಿಟ್ಟು ಟೊಯೋಟಾಗೆ ಬದಲಾಯಿತು, ದೊಡ್ಡ ತಂಡವಾದ ಜೋ ಗಿಬ್ಸ್ ರೇಸಿಂಗ್ ಜೊತೆ ತಾಂತ್ರಿಕ ಒಪ್ಪಂದ ಮಾಡಿಕೊಂಡಿತು. ಆ ವರ್ಷದ ಮೂರು ದಿನಗಳನ್ನು ಮಾತ್ರ ಹೇಳ್ತೀನಿ.

ಫೆಬ್ರವರಿ, ಡೇಟೋನಾ 500. ಈ ಆಟದ ಅತಿ ದೊಡ್ಡ ರೇಸ್. 500 ಮೈಲಿ ಓಡಿ ಟ್ರೂಎಕ್ಸ್ ಸೋತದ್ದು 0.010 ಸೆಕೆಂಡಿನಿಂದ. ಆ ರೇಸಿನ ಇತಿಹಾಸದಲ್ಲಿ ಅಷ್ಟು ಹತ್ತಿರದ ಮುಕ್ತಾಯ ಅಲ್ಲಿವರೆಗೆ ಆಗಿರಲಿಲ್ಲ. ಆ ವೇಗದಲ್ಲಿ ಲೆಕ್ಕ ಹಾಕಿದರೆ ಅಂತರ ಒಂದು ಮೀಟರ್ ಕೂಡ ಇಲ್ಲ. ಡೇಟೋನಾ 500 ಗೆಲ್ಲೋ ಭಾಗ್ಯ ಅವರಿಗೆ ಕೊನೆಗೂ ಬರಲಿಲ್ಲ.

ಮೇ, ಶಾರ್ಲಟ್. 600 ಮೈಲಿಯ ರೇಸ್, 400 ಲ್ಯಾಪ್. ಅದರಲ್ಲಿ ಟ್ರೂಎಕ್ಸ್ 392 ಲ್ಯಾಪ್ ಮುಂದೆ ಇದ್ದರು. ಅಂದ್ರೆ 588 ಮೈಲಿ. ಒಂದೇ ರೇಸಿನಲ್ಲಿ ಅಷ್ಟು ದೂರ ಮುಂದಿದ್ದವರು ನ್ಯಾಸ್ಕಾರ್‌ನಲ್ಲಿ ಯಾರೂ ಇರಲಿಲ್ಲ.

ಅಕ್ಟೋಬರ್, ಟ್ಯಾಲಡೇಗಾ. ನಾಕೌಟ್ ಹಂತದ ನಿರ್ಣಾಯಕ ರೇಸ್. ಎಂಜಿನ್ ಕೈ ಕೊಟ್ಟಿತು. ಚಾಂಪಿಯನ್ ಆಗೋ ಕನಸು ಆ ವರ್ಷಕ್ಕೆ ಅಷ್ಟೇ.

2017: ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೆ

2017ರಲ್ಲಿ ನಿಯಮ ಬದಲಾಯಿತು. ಹೆಚ್ಚಿನ ರೇಸ್‌ಗಳನ್ನು ಮೂರು ಭಾಗ ಮಾಡಿದರು. ಮೊದಲ ಎರಡು ಭಾಗ ಗೆದ್ದರೂ ಬೋನಸ್ ಅಂಕ, ಅದು ನಾಕೌಟ್‌ಗೆ ಜೊತೆಯಲ್ಲೇ ಬರುತ್ತೆ. ಟ್ರೂಎಕ್ಸ್ ಆ ವರ್ಷ ಇಂಥ 19 ಭಾಗ ಗೆದ್ದರು. ಒಂದು ಎಂಜಿನ್ ಕೆಟ್ಟರೆ ಎಲ್ಲ ಮುಳುಗಬಾರದು, ಅದಕ್ಕೆ ಅಂಕದ ಉಳಿತಾಯ. ನಮ್ಮಲ್ಲಿ ಕಷ್ಟಕಾಲಕ್ಕೆ ಅಂತ ಸಾಸಿವೆ ಡಬ್ಬಿಯಲ್ಲಿ ದುಡ್ಡಿಡ್ತಾರಲ್ಲ, ಹಾಗೆ.

ಅದೇ ಬೇಸಿಗೆಯಲ್ಲಿ ಶೆರ್ರಿಗೆ ಕ್ಯಾನ್ಸರ್ ಮರಳಿತು. ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ರೇಸಿನ ಹಿಂದಿನ ರಾತ್ರಿ ತಂಡದ ಒಬ್ಬ ಕೆಲಸಗಾರ ಹೃದಯಾಘಾತದಿಂದ ತೀರಿಕೊಂಡರು. ಮರುದಿನ ತಂಡ ರೇಸ್ ಓಡಿಸಿತು, ಟ್ರೂಎಕ್ಸ್ ಗೆದ್ದರು. ನವೆಂಬರ್‌ನಲ್ಲಿ ಮಾಲೀಕ ವಿಸರ್‌ಗೂ ಹೃದಯಾಘಾತ. ಅಂತಿಮ ರೇಸನ್ನು ಅವರು ಡೆನ್ವರ್‌ನ ಮನೆಯಲ್ಲೇ ಕೂತು ಟಿವಿಯಲ್ಲಿ ನೋಡಬೇಕಾಯಿತು.

ನವೆಂಬರ್ 19, ಫ್ಲಾರಿಡಾದ ಹೋಮ್‌ಸ್ಟೆಡ್. ಕೊನೆಯ ಲ್ಯಾಪ್‌ಗಳಲ್ಲಿ ಹಿಂದೆ ಕೈಲ್ ಬುಶ್ ಬೆನ್ನು ಹತ್ತಿದ್ದರು. ಟ್ರೂಎಕ್ಸ್ 0.681 ಸೆಕೆಂಡಿನ ಅಂತರದಿಂದ ಗೆದ್ದು ಚಾಂಪಿಯನ್ ಆದರು. ಆ ವರ್ಷದ ಎಂಟನೇ ಗೆಲುವು ಅದು. ಶೆರ್ರಿ ಅಲ್ಲೇ ಇದ್ದರು.

ಚಾಂಪಿಯನ್ ತಂಡಕ್ಕೇ ಬೀಗ

ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ. ಆದರೆ 2018ರ ಸೆಪ್ಟೆಂಬರ್ 4ಕ್ಕೆ ಫರ್ನಿಚರ್ ರೋ ತಂಡ, ಈ ವರ್ಷದ ಕೊನೆಗೆ ಬಾಗಿಲು ಹಾಕ್ತೀವಿ ಅಂತ ಪ್ರಕಟಿಸಿತು. ಹಾಲಿ ಚಾಂಪಿಯನ್ ತಂಡ!

ಯಾಕೆ? ಮತ್ತೆ ಅದೇ ಬಾನೆಟ್ ಲೆಕ್ಕ. ತಂಡದ ಒಬ್ಬ ಮುಖ್ಯ ಸ್ಪಾನ್ಸರ್ ಹೊರಡೋದಾಗಿ ಜುಲೈನಲ್ಲಿ ಹೇಳಿದ್ದರು. ದೊಡ್ಡ ತಂಡದ ಜೊತೆಗಿನ ತಾಂತ್ರಿಕ ಒಪ್ಪಂದದ ಖರ್ಚೂ ಏರ್ತಿತ್ತು. ಗೆಲ್ಲೋ ಕಾರು ಬೇಕಂದ್ರೆ ಒಪ್ಪಂದ ಬೇಕು, ಒಪ್ಪಂದಕ್ಕೆ ದುಡ್ಡು ಬೇಕು, ದುಡ್ಡಿಗೆ ಸ್ಪಾನ್ಸರ್ ಬೇಕು. ಹೊಸ ಸ್ಪಾನ್ಸರ್ ಸಿಗಲಿಲ್ಲ. ಸ್ವಂತ ಜೇಬಿನಿಂದ ತುಂಬೋದಕ್ಕೂ ಒಂದು ಮಿತಿ ಇದೆ. ಐದು ವರ್ಷದ ಹಿಂದೆ ತಂಡದ ಹೆಸರು ಕೆಟ್ಟು ಟ್ರೂಎಕ್ಸ್ ಕಾರು ಕಳಕೊಂಡಿದ್ದರು. ಈ ಸಲ ಟ್ರೋಫಿ ಗೆದ್ದೂ ಕಳಕೊಂಡರು.

ಆದರೂ ಆ ಕೊನೆಯ ಎರಡು ತಿಂಗಳು, ನವೆಂಬರ್‌ಗೆ ಕೆಲಸ ಇರಲ್ಲ ಅಂತ ಗೊತ್ತಿದ್ದ ಮೆಕ್ಯಾನಿಕ್‌ಗಳು ಕಾರು ಕಟ್ಟಿದರು, ಟ್ರೂಎಕ್ಸ್ ಓಡಿಸಿದರು, ಮತ್ತೆ ಅಂತಿಮ ನಾಲ್ವರಲ್ಲಿ ಒಬ್ಬರಾದರು. ಹೋಮ್‌ಸ್ಟೆಡ್‌ನಲ್ಲಿ 12 ಲ್ಯಾಪ್ ಬಾಕಿ ಇದ್ದಾಗ ಜೋಯಿ ಲೊಗಾನೊ ಅವರನ್ನು ಹಿಂದೆ ಹಾಕಿದರು. ಎರಡನೇ ಸ್ಥಾನ.

ಎಡದ ಟೈರು ಬಲಕ್ಕೆ

2019ರಲ್ಲಿ ಟ್ರೂಎಕ್ಸ್ ಮತ್ತು ಪರ್ನ್ ಇಬ್ಬರೂ ಜೋ ಗಿಬ್ಸ್ ತಂಡಕ್ಕೆ ಹೋದರು. ಏಳು ಗೆಲುವು, ಆ ವರ್ಷ ಯಾರಿಗೂ ಅಷ್ಟು ಬರಲಿಲ್ಲ. ಮತ್ತೆ ಅಂತಿಮ ರೇಸ್. ಒಂದು ಪಿಟ್ ನಿಲುಗಡೆಯಲ್ಲಿ ಹುಡುಗರು ಮುಂದಿನ ಎಡದ ಟೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಬಿಟ್ಟರು. ಎಡಕ್ಕೇ ತಿರುಗೋ ಟ್ರ್ಯಾಕಿನಲ್ಲಿ ಬಲಗಡೆಯ ಟೈರಿನ ಸುತ್ತಳತೆ ಸ್ವಲ್ಪ ಹೆಚ್ಚಿರುತ್ತೆ, ಹಾಗಾಗಿ ಅದಲುಬದಲಾದರೆ ಕಾರು ತಿರುಗೋದೇ ಇಲ್ಲ. ಮತ್ತೆ ಪಿಟ್‌ಗೆ ಬಂದು ಸರಿ ಮಾಡಿಸಿಕೊಳ್ಳೋಷ್ಟರಲ್ಲಿ ಒಂದು ಲ್ಯಾಪ್ ಹಿಂದೆ. ಮತ್ತೆ ಎರಡನೇ ಸ್ಥಾನ. 2021ರಲ್ಲಿ ಇನ್ನೊಂದು ಸಲ ಎರಡನೇ ಸ್ಥಾನ.

2022 ಇನ್ನೂ ವಿಚಿತ್ರ. ಲೀಗ್ ಹಂತದ ಅಂಕಪಟ್ಟಿಯಲ್ಲಿ ನಾಲ್ಕನೇ ಸ್ಥಾನ. ನಾಕೌಟ್‌ಗೆ 16 ಜನ. ಆದರೂ ಇವರಿಗೆ ಜಾಗ ಇಲ್ಲ! ಯಾಕಂದ್ರೆ ಒಂದು ರೇಸ್ ಗೆದ್ದವರಿಗೆ ಮೊದಲ ಆದ್ಯತೆ, ಇವರು ಆ ವರ್ಷ ಗೆದ್ದಿರಲಿಲ್ಲ. ಗೆಲ್ಲದವರಿಗೆ ಉಳಿದಿದ್ದು ಒಂದೇ ಜಾಗ, ಅದು ರಯಾನ್ ಬ್ಲೇನಿ ಪಾಲಾಯಿತು. ವ್ಯತ್ಯಾಸ ಮೂರು ಅಂಕ.

2023ರಲ್ಲಿ ಮೂರು ಗೆಲುವು, ಲೀಗ್ ಹಂತದಲ್ಲಿ ಮೊದಲ ಸ್ಥಾನ. ಆ ವರ್ಷದ ಶುರುವಿಗೆ ಅವರೂ ಶೆರ್ರಿಯೂ ಬೇರೆಯಾಗಿದ್ದರು. ಸೆಪ್ಟೆಂಬರ್ 17ಕ್ಕೆ ಶೆರ್ರಿ ತೀರಿಕೊಂಡರು. ರೋಗ ಗೊತ್ತಾದ ಮೇಲೆ ಒಂಬತ್ತು ವರ್ಷ ಬದುಕಿ, ಅಂಡಾಶಯದ ಕ್ಯಾನ್ಸರ್ ಬಗ್ಗೆ ಹೆಣ್ಣುಮಕ್ಕಳಿಗೆ ತಿಳಿಹೇಳೋ ಕೆಲಸ ಮಾಡಿದವರು ಅವರು. 2024ರ ಜೂನ್‌ನಲ್ಲಿ ಟ್ರೂಎಕ್ಸ್, ಪೂರ್ಣಾವಧಿ ರೇಸಿಂಗ್ ಸಾಕು ಅಂದರು. ಆ ನವೆಂಬರ್‌ಗೆ ಫೀನಿಕ್ಸ್‌ನಲ್ಲಿ ಮುಗಿಸಿದರು.

ಲೆಕ್ಕ ನೋಡೋಣ

ಒಟ್ಟು 34 ಗೆಲುವು. ಅದನ್ನು ಹೀಗೆ ಬಿಡಿಸಿ ನೋಡಿ. 2006ರಿಂದ 2014ರ ತನಕ, ಒಂಬತ್ತು ವರ್ಷದಲ್ಲಿ ಎರಡು. 2015ರಿಂದ 2021ರ ತನಕ, ಏಳು ವರ್ಷದಲ್ಲಿ 29. ಕೊನೆಯ ಮೂರು ವರ್ಷದಲ್ಲಿ ಮೂರು.

ಒಬ್ಬನೇ ಮನುಷ್ಯನ ಕೈಕಾಲು, ಕಣ್ಣು 34ನೇ ವಯಸ್ಸಿನಿಂದ 35ಕ್ಕೆ ಹೋಗುವಾಗ ಇಷ್ಟು ಬದಲಾಗುತ್ತಾ? ಇಲ್ಲ. ಅವರ ಜೊತೆ ನಿಂತ ಮಾಲೀಕ ಬದಲಾಗಿದ್ದರು, ರೇಡಿಯೋದ ಆ ಕಡೆ ಕೂತವರು ಬದಲಾಗಿದ್ದರು, ಕಾರು ಬದಲಾಗಿತ್ತು. ಹಾಗಂತ ಎಲ್ಲ ಅದೃಷ್ಟ ಅಂತಲೂ ನಾನು ಹೇಳಲ್ಲ. ಆ 218 ರೇಸ್‌ನಲ್ಲಿ ಕಾರಿನ ಮಾತು ಕೇಳಿಸಿಕೊಳ್ಳೋದನ್ನು ಅವರು ಕಲಿಯದೇ ಇದ್ದಿದ್ದರೆ 2015ರಲ್ಲಿ ಪರ್ನ್‌ಗೆ ಹೇಳೋಕೆ ಅವರ ಹತ್ತಿರ ಏನೂ ಇರ್ತಿರಲಿಲ್ಲ. 2014ರಲ್ಲಿ ವಿಸರ್ ಕೈಬಿಟ್ಟಿದ್ದರೆ ಆ ಕಲಿತದ್ದೆಲ್ಲ ಯಾರಿಗೂ ಕಾಣ್ತಾ ಇರಲಿಲ್ಲ. ಎರಡೂ ನಿಜ.

ಲೈಬ್ರರಿಯಲ್ಲಿ ಕೂತು ನಾನು ಓದಿದ್ದು ಇದನ್ನೇ. ಆ ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. ಅವಳು ಕೇಳಿದ್ದು ಒಂದೇ: "ಮತ್ತೆ ಮೂರು ವಾರದಿಂದ ಅಲ್ಲಿ ಕೂತು ತಣ್ಣಗಿನ ಡಬ್ಬಿ ಯಾಕೋ ತಿಂದೆ? ಮನೆಗೆ ಬಂದು ಬಿಸಿಯಾಗಿ ಊಟ ಮಾಡಬಾರದಿತ್ತಾ?"

ನಿಮ್ಮಲ್ಲೂ ಯಾರಾದರೂ ಈಗ ಡಬ್ಬಿ ಹಿಡ್ಕೊಂಡು ಎಲ್ಲೋ ಕೂತು ಇದನ್ನು ಕೇಳ್ತಿದ್ದರೆ, ಇವತ್ತು ಸಂಜೆ ಮನೆಯಲ್ಲಿ ಹೇಳಿಬಿಡಿ. ನಾಳೆ ಅರ್ಜಿ ಹಾಕೋದು ಇದ್ದೇ ಇದೆ.